ಆಸ್ಪತ್ರೆಯ ಅಂಗಳ

ಬೆಳಗಾವಿಯ ನೆಹರು ನಗರದಲ್ಲಿ ಬೆಳಗಿನ ಹೊತ್ತು ಸ್ವಲ್ಪ ನಿಂತು ನೋಡಿದವರಿಗೆ ಒಂದು ಸಂಗತಿ ತಾನಾಗಿಯೇ ಹೊಳೆಯುತ್ತದೆ. ಆಸ್ಪತ್ರೆಗೆ ರೋಗಿಯೊಬ್ಬನೇ ಬರುವುದಿಲ್ಲ. ಅವನೊಡನೆ ಒಂದು ಮನೆಯೇ ಬರುತ್ತದೆ. ಬುತ್ತಿಯ ಗಂಟು ಹಿಡಿದ ತಾಯಿ, ಕಾಗದಪತ್ರಗಳ ಚೀಲ ಹೊತ್ತ ತಮ್ಮ, ಕೂಸನ್ನು ಕಂಕುಳಲ್ಲಿಟ್ಟುಕೊಂಡ ಸೊಸೆ, ಎಲ್ಲರೂ ವಾಹನದಿಂದಿಳಿದು ಬಾಗಿಲು ಹುಡುಕುತ್ತಾರೆ. "ಸರ, ಹೊರರೋಗಿಗಳ ಚೀಟಿ ಎಲ್ಲಿ ಮಾಡಸ್ತಾರ್ರೀ?" ಎಂಬ ಪ್ರಶ್ನೆಯನ್ನು ದಾರಿಹೋಕನಾದ ನನಗೇ ಹಲವರು ಕೇಳಿದ್ದಾರೆ.

1916ರಲ್ಲಿ ಏಳು ಮಂದಿ ತರುಣರು ಒಂದು ಶಾಲೆಯಿಂದ ಆರಂಭಿಸಿದ ಕೆ.ಎಲ್.ಇ. ಸಂಸ್ಥೆಯು 1963ರಲ್ಲಿ ಇಲ್ಲಿ ಜವಾಹರಲಾಲ್ ನೆಹರು ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಅದರ ವಿದ್ಯಾರ್ಥಿಗಳು ಬಹುಕಾಲ ಊರೊಳಗಿನ ಸರ್ಕಾರಿ ಆಸ್ಪತ್ರೆಯಲ್ಲಿ ಪಾಠ ಕಲಿತರು. ಆಮೇಲೆ ನೆಹರು ನಗರದಲ್ಲಿಯೇ ಸಂಸ್ಥೆಯ ದೊಡ್ಡ ಆಸ್ಪತ್ರೆ ಎದ್ದಿತು. ಊರೊಳಗಿನ ಜಿಲ್ಲಾ ಆಸ್ಪತ್ರೆ ಈಗ ಸರ್ಕಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದೆ. ಖಾನಾಪುರದ ಕಾಡಿನಂಚಿನಿಂದಲೂ ಗಡಿಯಾಚೆಯಿಂದಲೂ ಜನ ಬರುವ ಊರಿನಲ್ಲಿ ಆಸ್ಪತ್ರೆಗಳು ಬೆಳೆಯಲೇಬೇಕು. ಬೆಳೆಯುವ ಕ್ರಮ ಯಾವುದು ಎಂಬುದೇ ನನ್ನ ಪ್ರಶ್ನೆ.

ಕೆಲವು ವರ್ಷಗಳ ಹಿಂದೆ ಬೇರೊಂದು ಊರಿನ ಆಸ್ಪತ್ರೆಯಲ್ಲಿ ನನ್ನ ಅಣ್ಣನ ಜೊತೆ ಮೂರು ವಾರ ಕಳೆದೆ. ಅವನಿದ್ದುದು ಹಳೆಯ ಕಟ್ಟಡದಲ್ಲಿ; ಕ್ಷ-ಕಿರಣ ಯಂತ್ರವಿದ್ದುದು ಹೊಸ ಕಟ್ಟಡದಲ್ಲಿ; ನಡುವೆ ಬಯಲು. ಆಷಾಢದ ಒಂದು ರಾತ್ರಿ ಸ್ಟ್ರೆಚರಿನ ಮೇಲೆ ಅವನನ್ನು ತಳ್ಳಿಕೊಂಡು ಹೋಗುವಾಗ ಅವನ ಮುಖದ ಮೇಲೆ ನಾನು ಕೊಡೆ ಹಿಡಿದಿದ್ದೆ. ಕಾಲಕಡೆಯ ಹೊದಿಕೆ ತೊಯ್ದುಹೋಯಿತು. ವೈದ್ಯರಾಗಲಿ ದಾದಿಯರಾಗಲಿ ತಪ್ಪು ಮಾಡಿರಲಿಲ್ಲ. ಹಣ ಬಂದಾಗಲೆಲ್ಲ ಒಂದೊಂದು ಕಟ್ಟಡ ಎದ್ದಿತ್ತು; ನಡುವಣ ದಾರಿ ಮಾತ್ರ ಯಾರ ಲೆಕ್ಕದಲ್ಲಿಯೂ ಸೇರಿರಲಿಲ್ಲ.

ಆದುದರಿಂದ ವಿಸ್ತರಣೆಯ ನಕ್ಷೆ ಗೋಡೆಯಿಂದಲ್ಲ, ನಡೆಯುವ ದಾರಿಯಿಂದ ಆರಂಭವಾಗಬೇಕೆಂದು ನನ್ನ ಅಭಿಪ್ರಾಯ. ಆಂಬ್ಯುಲೆನ್ಸ್ ಬರುವ ದಾರಿಗೆ ಸಂದರ್ಶಕರ ವಾಹನಗಳು ಅಡ್ಡವಾಗಬಾರದು. ತುರ್ತು ಚಿಕಿತ್ಸೆ, ಕ್ಷ-ಕಿರಣ, ಶಸ್ತ್ರಚಿಕಿತ್ಸೆ ಇವು ಒಂದಕ್ಕೊಂದು ಹತ್ತಿರವಿರಬೇಕು. ಹಳೆಯ ಕಟ್ಟಡದಿಂದ ಹೊಸದಕ್ಕೆ ಮಾಡುಳ್ಳ ಹಾದಿ ಬೇಕು. ಫ್ಲಾರೆನ್ಸ್ ನೈಟಿಂಗೇಲ್ ಆಸ್ಪತ್ರೆಗಳನ್ನು ಕುರಿತ ತಮ್ಮ ಪುಸ್ತಕವನ್ನು ಪ್ರಕಟಿಸಿದ 1859ರಷ್ಟು ಹಿಂದೆಯೇ ಗಾಳಿ, ಬೆಳಕು, ಹಾಸಿಗೆಗಳ ನಡುವಣ ಅಂತರ ಇವುಗಳಿಗಾಗಿ ವಾದಿಸಿದ್ದರು. ಇಂದು ಯಂತ್ರಗಳು ಹೆಚ್ಚಿವೆ; ಈ ಅಗತ್ಯ ತಪ್ಪಿಲ್ಲ.

ಎರಡನೆಯ ಮಾತು ಜೊತೆಗೆ ಬಂದವರದು. "ರೋಗಿಗಳಿಗೇ ಹಾಸಿಗೆ ಸಾಲದಿರುವಾಗ ನೆಂಟರಿಗೆ ಜಾಗವೆಲ್ಲಿ?" ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಆದರೆ ಅರ್ಬುದ ರೋಗಕ್ಕೆ ವಿಕಿರಣ ಚಿಕಿತ್ಸೆ ಪಡೆಯುವವನನ್ನು ನೆನೆಯಿರಿ. ವಾರಗಟ್ಟಲೆ, ಬಹುಮಟ್ಟಿಗೆ ದಿನವೂ, ಕೆಲವೇ ನಿಮಿಷಗಳ ಚಿಕಿತ್ಸೆ ಅವನಿಗೆ. ಹಾಸಿಗೆ ಹಿಡಿಯಬೇಕಾದ ಸ್ಥಿತಿ ಎಷ್ಟೋ ಮಂದಿಯದಲ್ಲ. ಆದರೆ ಖಾನಾಪುರದಾಚೆಯ ಹಳ್ಳಿಯಿಂದ ಮಳೆಗಾಲದಲ್ಲಿ ನಿತ್ಯ ಬಂದುಹೋಗುವುದು ಸಾಧ್ಯವೆ? ಇರಲು ನೆಲೆಯಿಲ್ಲದ ಕಾರಣಕ್ಕೇ ಅವನು ವಾರ್ಡಿನ ಹಾಸಿಗೆಯನ್ನು ಬೇಡುತ್ತಾನೆ, ಇಲ್ಲವೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುತ್ತಾನೆ. ಆವರಣದಲ್ಲೊಂದು ಧರ್ಮಶಾಲೆ, ಅಡುಗೆಗೆ ಒಲೆ, ಸ್ನಾನಕ್ಕೆ ನೀರು, ಇಷ್ಟಿದ್ದರೆ ಆ ಹಾಸಿಗೆ ಇನ್ನೊಬ್ಬನಿಗೆ ಒದಗುತ್ತದೆ. ಹಾಸಿಗೆಗಳ ನಡುವೆ ನೆಲದ ಮೇಲೆ ಮಲಗುವವರು ಕಡಿಮೆಯಾದಷ್ಟೂ ಸೋಂಕಿನ ಭಯವೂ ತಗ್ಗುತ್ತದೆ. ಧರ್ಮಶಾಲೆಯನ್ನು ದಾನದ ಬಾಬತ್ತೆನ್ನದೆ ಚಿಕಿತ್ಸೆಯ ಅಂಗವೆಂದೇ ಎಣಿಸಬೇಕು.

ಮೂರನೆಯದಾಗಿ, ಕಟ್ಟದೆ ಬಿಡುವ ಜಾಗವನ್ನೂ ನಕ್ಷೆಯಲ್ಲಿ ಬರೆದಿಡಬೇಕು. ನಾಲ್ಕು ಮರಗಳಿರುವ ಅಂಗಳ ಇಂದು ನೆರಳು. ಸಾಂಕ್ರಾಮಿಕ ರೋಗ ಬಂದಾಗ ಅದೇ ತಪಾಸಣೆಯ ಚಪ್ಪರ. 2020ರಲ್ಲಿ ಕೊರೊನಾ ಬಂದಾಗ ಬಯಲಿನ ಬೆಲೆ ಎಲ್ಲರಿಗೂ ತಿಳಿಯಿತು.

ಬೆಳಗಾವಿಯಲ್ಲಿ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರವೇ ಇದೆ. ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳನ್ನು ಒಂದು ಮಳೆಯ ದಿನ ಯಾವುದಾದರೂ ಆಸ್ಪತ್ರೆಗೆ, ಅನುಮತಿ ಪಡೆದು, ಕರೆದೊಯ್ಯಲಿ. ಬಾಗಿಲಿನಿಂದ ಹಾಸಿಗೆಗೆ, ಹಾಸಿಗೆಯಿಂದ ಯಂತ್ರಕ್ಕೆ ಎಷ್ಟು ಹೆಜ್ಜೆ, ಎಷ್ಟು ಮೆಟ್ಟಿಲು, ಎಲ್ಲೆಲ್ಲಿ ಮಾಡಿಲ್ಲ ಎಂದು ಅಳೆದು ಬರೆಯಲಿ. ಮುಂದಿನ ಅಡಿಗಲ್ಲು ಬೀಳುವ ಮೊದಲು ಆಡಳಿತಗಾರರು ಆ ಹಾಳೆಯನ್ನೊಮ್ಮೆ ಓದಿದರೆ, ಇನ್ನೊಬ್ಬನ ಅಣ್ಣನಾದರೂ ನೆನೆಯದೆ ಯಂತ್ರದ ಕೋಣೆ ಸೇರಿಯಾನು.