ಆ ಮಾತು ಹೇಳೋಕೆ ನಾವ್ಯಾರು?

"ಎಲ್ಲಾ ಒಳ್ಳೇದಕ್ಕೇ, ದೇವರ ಚಿತ್ತ." ಮಗು ಕಳಕೊಂಡವರ ಮನೆಗೆ ಹೋಗಿ ನಮ್ಮ ಸಭೆಯವರು ಹೀಗಂದ್ರೆ ನನಗೆ ಮೈ ಉರಿಯುತ್ತೆ. ಕೇಳಿದ್ರೆ ಬೈಬಲ್ ತೆಗೆದು ರೋಮಾಪುರದವರಿಗೆ ಬರೆದ ಪತ್ರ 8:28 ತೋರಿಸ್ತಾರೆ. ಸ್ವಾಮೀ, ದೇವರು ಎಲ್ಲದರಲ್ಲೂ ಒಳಿತಿಗಾಗಿ ಕೆಲಸ ಮಾಡ್ತಾನೆ ಅಂತ ಪೌಲ ಹೇಳಿದ್ದು. ಆಗಿದ್ದೆಲ್ಲಾ ಒಳ್ಳೇದೇ ಅಂತಲ್ಲ!

ಯೋಸೇಫನ ಕಥೆ ನೋಡಿ. 17ರ ಹುಡುಗನನ್ನ ಅಣ್ಣಂದಿರು ಬಾವಿಗೆ ತಳ್ಳಿ, 20 ಬೆಳ್ಳಿ ನಾಣ್ಯಕ್ಕೆ ಮಾರಿದರು. ಮುಂದೆ ಅವನಿಂದಲೇ ಬರಗಾಲದಲ್ಲಿ ಎಷ್ಟೋ ಜೀವ ಉಳಿದವು, ನಿಜ. ಆದರೆ ಆ ಕೇಡನ್ನು ದೇವರು ಒಳಿತಿಗೆ ತಿರುಗಿಸಿದ ಅಂದಿದ್ದು ಯಾರು? ಜೈಲು ಕಂಡ ಯೋಸೇಫನೇ, ಅದೂ ಎಷ್ಟೋ ವರ್ಷದ ಮೇಲೆ. ಬಾವಿ ಕಟ್ಟೆ ಮೇಲೆ ನಿಂತು ಅಣ್ಣಂದಿರೇ ಹಾಗಂದಿದ್ರೆ?

ಮಕ್ಕಳು, ಆಸ್ತಿ ಎಲ್ಲಾ ಕಳಕೊಂಡ ಯೋಬನ ಗೆಳೆಯರು 7 ದಿನ ಸುಮ್ಮನೆ ಅವನ ಜೊತೆ ಕೂತಿದ್ರು. ಅಲ್ಲೀತನಕ ಸರಿಯಿತ್ತು. ಆಮೇಲೆ ಬಾಯಿಬಿಟ್ಟು ಕಾರಣ ಹೇಳೋಕೆ ಹೋಗಿ ದೇವರಿಂದಲೇ ಬೈಸಿಕೊಂಡರು. ಸತ್ತ ಲಾಜರನನ್ನು ಎಬ್ಬಿಸ್ತೀನಿ ಅಂತ ಗೊತ್ತಿದ್ದ ಯೇಸು ಕೂಡ ಮೊದಲು ಅತ್ತ.

ಕಷ್ಟದಿಂದಲೂ ಒಳ್ಳೇದು ಹುಟ್ಟುತ್ತೆ ಅಂತ ನಾನೂ ನಂಬ್ತೀನಿ. ಆದರೆ ಆ ಮಾತು ನೊಂದವರ ಬಾಯಿಂದಲೇ ಬರಲಿ. ಅಲ್ಲೀತನಕ ಅವರ ಮನೆಗೆ ಅನ್ನ ಸಾರು ತಗೊಂಡು ಹೋಗಿ ಪಕ್ಕದಲ್ಲಿ ಸುಮ್ನೆ ಕೂತ್ಕೊಳ್ಳೋಣ. ಏನಂತೀರಿ?