ಅಂಗೈ ಮೇಲಿನ ವ್ಯಾಗನ್, ಅದರೊಳಗಿನ ಗಣಿತ

ಮಾದರಿ ರೈಲು ತಯಾರಿಸುವುದು ಮೇಲ್ನೋಟಕ್ಕೆ ಸುಲಭದ ಕೆಲಸ. ನಿಜವಾದ ಗಾಡಿಯ ಉದ್ದ, ಅಗಲ, ಎತ್ತರ ತಿಳಿದುಕೊಳ್ಳುವುದು. ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಭಾಗಿಸುವುದು. ಬಂದ ಅಳತೆಗೆ ರಟ್ಟನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಕತ್ತರಿಸಿ ಅಂಟಿಸುವುದು. ಭಾಗಾಕಾರ ಬಂದರೆ ಸಾಕಲ್ಲವೆ? ಸಾಲದು. ಎಲ್ಲವನ್ನೂ ಒಂದೇ ಸಂಖ್ಯೆಯಿಂದ ಭಾಗಿಸಿ ಮಾಡಿದ ವ್ಯಾಗನ್ ಕಪಾಟಿನಲ್ಲಿಡಲು ಚೆನ್ನ; ಹಳಿಯ ಮೇಲೆ ಎಳೆದರೆ ಮೊದಲ ತಿರುವಿನಲ್ಲೇ ಕೆಳಗಿಳಿಯುತ್ತದೆ. ಚೆನ್ನಾಗಿ ಓಡುವ ಮಾದರಿ ವ್ಯಾಗನ್ ಎಲ್ಲೋ ಒಂದೆರಡು ಕಡೆ ಅಳತೆಯನ್ನು ಮೀರಿಯೇ ಇರುತ್ತದೆ. ಎಲ್ಲಿ ಮೀರಬಹುದು, ಎಲ್ಲಿ ಕೂದಲೆಳೆಯಷ್ಟೂ ಮೀರಬಾರದು ಎಂಬುದನ್ನು ಅರಿಯುವುದೇ ಈ ವಿದ್ಯೆಯ ತಿರುಳು. ಅದನ್ನು ತಿಳಿಯಲು ಯುದ್ಧ ಟ್ಯಾಂಕ್‌ಗಳನ್ನು ಸಾಗಿಸುವ ವ್ಯಾಗನ್ ಒಂದು ಒಳ್ಳೆಯ ಉದಾಹರಣೆ.

ನಡು ತಗ್ಗಿದ ಗಾಡಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಸೇನೆಗೆ ಅಮೆರಿಕದ ಶರ್ಮನ್ ಟ್ಯಾಂಕ್‌ಗಳು ದೊಡ್ಡ ಸಂಖ್ಯೆಯಲ್ಲಿ ಬಂದವು. ಒಂದೊಂದರ ತೂಕ ಸುಮಾರು 30 ಟನ್; ಅಗಲ 2.62 ಮೀಟರ್, ಎತ್ತರ 2.74 ಮೀಟರ್. ಇವನ್ನು ಬಂದರಿನಿಂದ ಶಿಬಿರಕ್ಕೆ, ಶಿಬಿರದಿಂದ ಬಂದರಿಗೆ ರೈಲಿನಲ್ಲೇ ಒಯ್ಯಬೇಕಿತ್ತು. ತೂಕಕ್ಕಿಂತ ದೊಡ್ಡ ತೊಡಕು ಗಾತ್ರದ್ದು.

ರೈಲು ದಾರಿಯಲ್ಲಿ ಸೇತುವೆ, ಸುರಂಗ, ಪ್ಲಾಟ್‌ಫಾರಂ ಯಾವುದಕ್ಕೂ ತಾಗದಂತೆ ಗಾಡಿ ಮತ್ತು ಅದರ ಹೊರೆ ಎಷ್ಟು ಅಗಲ, ಎಷ್ಟು ಎತ್ತರ ಇರಬಹುದೆಂಬ ಒಂದು ಮಿತಿ ಇರುತ್ತದೆ. ಇದಕ್ಕೆ ಲೋಡಿಂಗ್ ಗೇಜ್ ಎನ್ನುತ್ತಾರೆ. ರೈಲು ಮೊದಲು ಹುಟ್ಟಿದ ನಾಡು ಬ್ರಿಟನ್. ಆದ್ದರಿಂದಲೇ ಅಲ್ಲಿಯ ಸೇತುವೆ, ಸುರಂಗಗಳು ಹಳೆಯವು, ಇಕ್ಕಟ್ಟಿನವು. ಒಟ್ಟಿನಲ್ಲಿ ಸುಮಾರು 9 ಅಡಿ ಅಗಲ, 13 ಅಡಿ ಎತ್ತರ. ಅದರಲ್ಲೂ ಮೇಲಿನ ಎರಡು ಮೂಲೆಗಳು ಕಮಾನಿನಂತೆ ಒಳಕ್ಕೆ ಬಾಗಿರುತ್ತವೆ. ನೆಲದಿಂದ ನಾಲ್ಕು ಅಡಿ ಎತ್ತರದ ಸಪಾಟು ವ್ಯಾಗನ್ ಮೇಲೆ ಒಂಬತ್ತು ಅಡಿಯ ಟ್ಯಾಂಕ್ ನಿಲ್ಲಿಸಿದರೆ ಲೆಕ್ಕ ಗಡಿಗೇ ಬಂದು ಮುಟ್ಟುತ್ತದೆ. ಇದಕ್ಕೆ ಕಂಡುಕೊಂಡ ಉಪಾಯವೇ ‘ವಾರ್‌ವೆಲ್’ ಎಂಬ ವ್ಯಾಗನ್. ಎರಡು ತುದಿಗಳಲ್ಲಿ ಚಕ್ರಗಳ ಮೇಲೆ ಎತ್ತರ. ನಡುವೆ ಮಾತ್ರ ಬಾವಿಯಂತೆ ತಗ್ಗು. ಟ್ಯಾಂಕ್ ಆ ತಗ್ಗಿನಲ್ಲಿ ಕೂರುತ್ತದೆ. ಹೊರುವ ಶಕ್ತಿ 50 ಟನ್.

ಈ ತಗ್ಗೇ ಗಾಡಿಯ ಹುಟ್ಟಿನ ಕಾರಣ. ಆದ್ದರಿಂದ ಮಾದರಿ ಮಾಡುವವರು ಬಣ್ಣ, ಅಕ್ಷರಗಳಲ್ಲಿ ಸ್ವಲ್ಪ ಹೆಚ್ಚುಕಡಿಮೆ ಮಾಡಿದರೂ ನಡೆದೀತು, ತಗ್ಗಿನ ಆಳದಲ್ಲಿ ಮಾಡಿದರೆ ನಡೆಯದು. ಆ ಆಳ ತಪ್ಪಿದ ಮಾದರಿ ನೋಡಲು ವಾರ್‌ವೆಲ್‌ನಂತಿದ್ದರೂ ವಾರ್‌ವೆಲ್ ಮಾಡಬೇಕಾದ ಕೆಲಸವನ್ನು ಮಾಡಲಾರದು.

ಒಂದೇ ಇಕ್ಕಟ್ಟು, ಎರಡು ಫಲ

ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಮಾದರಿ ಪ್ರಮಾಣಕ್ಕೆ ‘ಓಓ’ ಎಂದು ಹೆಸರು. ನಿಜವಾದ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರ್, ಅಂದರೆ 1:76.2 ಅನುಪಾತ. ಬ್ರಿಟನ್ನಿನ ನಿಜವಾದ ಹಳಿಗಳ ನಡುವಿನ ಅಂತರ 1435 ಮಿ.ಮೀ. ಇದನ್ನು 76.2ರಿಂದ ಭಾಗಿಸಿದರೆ 18.83 ಬರುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಓಓ ಹಳಿಯ ಅಂತರ 16.5 ಮಿ.ಮೀ. ಮಾತ್ರ! ತಿರುಗಿ ಗುಣಿಸಿ ನೋಡಿ: ನಿಜವಾದ ಅಳತೆಯಲ್ಲಿ ಅದು 1257 ಮಿ.ಮೀ., ಅಂದರೆ ಇರಬೇಕಾದುದಕ್ಕಿಂತ 178 ಮಿ.ಮೀ. ಕಡಿಮೆ. ಹಳಿಗಳು ಏಳು ಇಂಚು ಒಳಗೆ ಸರಿದಿವೆ.

ಈ ತಪ್ಪು ಅಜ್ಞಾನದಿಂದ ಆದುದಲ್ಲ. ಯುರೋಪಿನ ಇತರ ದೇಶಗಳಲ್ಲೂ ಅಮೆರಿಕದಲ್ಲೂ ಬಳಕೆಗೆ ಬಂದ ‘ಎಚ್‌ಓ’ ಪ್ರಮಾಣ 1:87. ಅದಕ್ಕೆ 16.5 ಮಿ.ಮೀ. ಹಳಿ ಸರಿಯಾಗಿ ಹೊಂದುತ್ತದೆ. ಆದರೆ ಇಕ್ಕಟ್ಟಾದ ಸೇತುವೆಗಳಿಗೆ ತಕ್ಕಂತೆ ಕಟ್ಟಿದ ಬ್ರಿಟನ್ನಿನ ಎಂಜಿನ್ನುಗಳು ಮೊದಲೇ ಚಿಕ್ಕವು. ಅವನ್ನು 87ರಿಂದ ಭಾಗಿಸಿದರೆ ಆ ಕಾಲದ ಮೋಟಾರುಗಳನ್ನು ಒಳಗೆ ಕೂರಿಸಲು ಜಾಗವೇ ಉಳಿಯುತ್ತಿರಲಿಲ್ಲ. ಹಾಗಾಗಿ 1920ರ ದಶಕದಲ್ಲಿ ಗಾಡಿಯ ಒಡಲನ್ನು ಮಾತ್ರ ಹಿಗ್ಗಿಸಿ, ಹಳಿಯನ್ನು ಹಾಗೆಯೇ ಉಳಿಸಿಕೊಂಡರು. ವ್ಯಾಗನ್ನಿನ ನಡುವನ್ನು ತಗ್ಗಿಸಿದ ಇಕ್ಕಟ್ಟೇ ಮಾದರಿಯ ಹಳಿಯನ್ನೂ ಕಿರಿದಾಗಿ ಉಳಿಸಿತು. ಇದನ್ನು ಒಪ್ಪದ ಕೆಲವರು 18.83 ಮಿ.ಮೀ. ಅಂತರದ ಹಳಿಯನ್ನು ತಾವೇ ಜೋಡಿಸಿ, ಚಕ್ರಗಳನ್ನೂ ಬದಲಿಸಿ ಓಡಿಸುತ್ತಾರೆ. ಉಳಿದವರು ತಪ್ಪನ್ನು ತಿಳಿದೇ ಸಹಿಸಿಕೊಂಡಿದ್ದಾರೆ.

ಇನ್ನೊಂದು ತಪ್ಪು ಮಾತ್ರ ತಿಳಿಯದೆ ಆಗುವಂಥದು. ಪ್ಲಾಸ್ಟಿಕ್ ಟ್ಯಾಂಕ್ ಕಿಟ್‌ಗಳಲ್ಲಿ ಹಲವು 1:72 ಪ್ರಮಾಣದವು. 72ಕ್ಕೂ 76ಕ್ಕೂ ಏನು ಮಹಾ ವ್ಯತ್ಯಾಸ ಎನಿಸಬಹುದು. ಶರ್ಮನ್‌ನ ಅಗಲ 1:76.2ರಲ್ಲಿ 34.4 ಮಿ.ಮೀ.; 1:72ರಲ್ಲಿ 36.4 ಮಿ.ಮೀ. ಆ ದೊಡ್ಡ ಟ್ಯಾಂಕನ್ನು ಓಓ ವ್ಯಾಗನ್ ಮೇಲಿಟ್ಟರೆ ಅದರ ಅಗಲ ನಿಜದ ಲೆಕ್ಕದಲ್ಲಿ 2773 ಮಿ.ಮೀ. ಆಗುತ್ತದೆ. 9 ಅಡಿ ಎಂದರೆ 2743 ಮಿ.ಮೀ. ಅಂದರೆ ಎರಡು ಮಿಲಿಮೀಟರ್ ಅಲಕ್ಷ್ಯದಿಂದ ಟ್ಯಾಂಕು ಸೇತುವೆಯಡಿ ತೂರದಷ್ಟು ದಪ್ಪಗಾಯಿತು!

ತೂಕ ಸುಳ್ಳು ಹೇಳುವುದಿಲ್ಲ

ಉದ್ದವನ್ನು ಭಾಗಿಸಿದಂತೆ ತೂಕವನ್ನು ಭಾಗಿಸಬಹುದೆ? ಉದ್ದ 76.2 ಪಟ್ಟು ಕುಗ್ಗಿದರೆ ಮೇಲ್ಮೈ ಅದರ ವರ್ಗದಷ್ಟು, ಘನಗಾತ್ರ ಅದರ ಘನದಷ್ಟು ಕುಗ್ಗುತ್ತದೆ. 76.2ರ ಘನ ಸುಮಾರು 4,42,000. ಮೂವತ್ತು ಟನ್ನಿನ ಶರ್ಮನ್ ಈ ಲೆಕ್ಕದಲ್ಲಿ 68 ಗ್ರಾಂ. ಎಚ್‌ಓ ಪ್ರಮಾಣದಲ್ಲಿ 20 ಟನ್ನಿನ ಖಾಲಿ ವ್ಯಾಗನ್ ತೂಗುವುದು ಬರೀ 30 ಗ್ರಾಂ. ಇಷ್ಟು ಹಗುರಾದ ಗಾಡಿ ಹಳಿಯ ಒಂದೊಂದು ಕೀಲಿನಲ್ಲೂ ಎಗರುತ್ತದೆ. ಅಮೆರಿಕದ ರಾಷ್ಟ್ರೀಯ ಮಾದರಿ ರೈಲು ಸಂಘದ ಶಿಫಾರಸು ಬೇರೆಯೇ ಇದೆ: ಎಚ್‌ಓ ಗಾಡಿಗೆ ಮೊದಲು ಒಂದು ಔನ್ಸ್, ಅನಂತರ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಆರಿಂಚಿನ ವ್ಯಾಗನ್‌ಗೆ ನಾಲ್ಕು ಔನ್ಸ್, ಸುಮಾರು 113 ಗ್ರಾಂ. ಗಣಿತ ಹೇಳಿದ್ದರ ಹೆಚ್ಚುಕಡಿಮೆ ನಾಲ್ಕು ಪಟ್ಟು.

ದಪ್ಪದ ಕಥೆಯೂ ಹೀಗೆಯೇ. 10 ಮಿ.ಮೀ. ಉಕ್ಕಿನ ತಗಡು ಓಓ ಪ್ರಮಾಣದಲ್ಲಿ 0.13 ಮಿ.ಮೀ. ಆಗುತ್ತದೆ. ಅಚ್ಚಿನಲ್ಲಿ ಎರೆದ ಪ್ಲಾಸ್ಟಿಕ್ಕನ್ನು ಅಷ್ಟು ತೆಳುವಾಗಿ ಮಾಡಿದರೆ ಮುಟ್ಟಿದಲ್ಲೇ ಮುರಿಯುತ್ತದೆ. ಒಂದು ಮಿಲಿಮೀಟರ್ ಆದರೂ ಬೇಕು. ಆದರೆ ಒಂದು ಮಿಲಿಮೀಟರ್ ಎಂದರೆ ನಿಜದಲ್ಲಿ 76 ಮಿ.ಮೀ. ಶರ್ಮನ್‌ನ ತಿರುಗುವ ಗೋಪುರದ ಮುಂಭಾಗದ ಕವಚ ಇರುವುದೂ 76 ಮಿ.ಮೀ.! ಬಡ ವ್ಯಾಗನ್ನಿನ ಪಕ್ಕದ ತಗಡಿಗೆ ಟ್ಯಾಂಕಿನ ಕವಚ ತೊಡಿಸಿದಂತಾಯಿತು. ಇದಕ್ಕಾಗಿಯೇ ಕಣ್ಣಿಗೆ ಕಾಣುವ ಅಂಚನ್ನು ಮಾತ್ರ ಕೆತ್ತಿ ತೆಳುಮಾಡುವುದು, ಇಲ್ಲವೆ ಆ ಭಾಗಕ್ಕೆ ಹಿತ್ತಾಳೆಯ ತೆಳು ಹಾಳೆ ಬಳಸುವುದು ರೂಢಿ.

ತಿರುವುಗಳಲ್ಲಿ ಇನ್ನೊಂದು ರಾಜಿ. ಭಾರತದ ಬ್ರಾಡ್‌ಗೇಜ್ ದಾರಿಯಲ್ಲಿ ಅನುಮತಿಯಿರುವ ಅತಿ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರ್. ಎಚ್‌ಓ ಪ್ರಮಾಣದಲ್ಲಿ ಅದು ಎರಡು ಮೀಟರ್. ರೈಲು ಅರ್ಧ ವೃತ್ತ ತಿರುಗಬೇಕಾದರೆ ನಾಲ್ಕು ಮೀಟರ್ ಅಗಲದ ಕೋಣೆ ಬೇಕು! ಅಷ್ಟು ಜಾಗ ಎಷ್ಟು ಮನೆಗಳಲ್ಲಿದೆ? ಅಂಗಡಿಯ ಓಓ ಹಳಿಯಲ್ಲಿ 438 ಮಿ.ಮೀ. ತ್ರಿಜ್ಯದ ತಿರುವು ಸಾಮಾನ್ಯ. ನಿಜದಲ್ಲಿ ಅದು 33 ಮೀಟರ್. ಅಲ್ಲಿ ಬೋಗಿ ಬಹಳ ಹೆಚ್ಚು ತಿರುಗಬೇಕಾಗುತ್ತದೆ. (ನಾವು ಪ್ರಯಾಣಿಕರ ಡಬ್ಬಿಗೆ ಬೋಗಿ ಎನ್ನುತ್ತೇವೆ, ರೈಲ್ವೆಯವರ ಭಾಷೆಯಲ್ಲಿ ಬೋಗಿ ಎಂದರೆ ಡಬ್ಬಿಯ ಅಡಿಯಲ್ಲಿ ತಿರುಗುವ ಚಕ್ರಗಳ ಚೌಕಟ್ಟು.) ವಾರ್‌ವೆಲ್‌ನಲ್ಲಿ ತಗ್ಗಿನ ಗೋಡೆಗಳು ಬೋಗಿಯ ಪಕ್ಕದಲ್ಲೇ ಇರುವುದರಿಂದ, ಚಕ್ರ ತಾಗದಂತೆ ಒಳಬದಿಯಲ್ಲಿ, ಕಣ್ಣಿಗೆ ಬೀಳದ ಕಡೆ, ಸ್ವಲ್ಪ ಕೊರೆದು ಜಾಗ ಮಾಡಬೇಕು.

ಇಸವಿಯೂ ಒಂದು ಅಳತೆ

ನಕ್ಷೆ ಸಿಗದಿದ್ದರೆ ಛಾಯಾಚಿತ್ರವೇ ಆಧಾರ. ಚಿತ್ರದಲ್ಲಿ ಗೊತ್ತಿರುವ ಒಂದು ಅಳತೆ ಇದ್ದರೆ ಉಳಿದುವನ್ನು ಅನುಪಾತದಿಂದ ತೆಗೆಯಬಹುದು. ಮುಂದಿನಿಂದ ತೆಗೆದ ಚಿತ್ರದಲ್ಲಿ ಹಳಿಗಳ ಅಂತರವೇ ಅಳತೆಗೋಲು. ಆದರೆ ಎಚ್ಚರ ಬೇಕು. ಕ್ಯಾಮೆರಾದಿಂದ 10 ಮೀಟರ್ ದೂರದ ವಸ್ತುವಿಗೆ ಹೋಲಿಸಿದರೆ 11 ಮೀಟರ್ ದೂರದ ಅಷ್ಟೇ ದೊಡ್ಡ ವಸ್ತು ಚಿತ್ರದಲ್ಲಿ ನೂರಕ್ಕೆ 91ರಷ್ಟೇ ಕಾಣುತ್ತದೆ. ಸಮರೂಪ ತ್ರಿಭುಜಗಳ ಪಾಠ ಪರೀಕ್ಷೆಗೆ ಮಾತ್ರವಲ್ಲ ಎಂಬುದು ಇಲ್ಲಿ ತಿಳಿಯುತ್ತದೆ.

ಚಿತ್ರದ ಇಸವಿಯೂ ಮುಖ್ಯ. ಹುಟ್ಟುವಾಗ ವಾರ್‌ವೆಲ್‌ಗಳಿಗೆ ಇದ್ದುದು ವಜ್ರಾಕೃತಿಯ ಚೌಕಟ್ಟಿನ ಬೋಗಿಗಳು. ದಶಕಗಳ ನಂತರ ಹಲವಕ್ಕೆ ಬೇರೆ ಬೋಗಿ ಹಾಕಿದರು. ಹೊಸ ಬೋಗಿಯ ವ್ಯಾಗನ್ ಮೇಲೆ 1944ರ ಟ್ಯಾಂಕ್ ಇಟ್ಟರೆ ಅಳತೆಯೆಲ್ಲ ಸರಿಯಿದ್ದರೂ ಇತಿಹಾಸ ತಪ್ಪಾಗುತ್ತದೆ. ಜರ್ಮನಿಯ ಟೈಗರ್ ಟ್ಯಾಂಕಿನದು ಇನ್ನೂ ಸ್ವಾರಸ್ಯದ ಸಂಗತಿ. ಯುದ್ಧಭೂಮಿಯಲ್ಲಿ ಅದರ ಚಕ್ರಪಟ್ಟಿಗಳ ಅಗಲ 725 ಮಿ.ಮೀ. ಹಾಗೆಯೇ ರೈಲಿಗೇರಿಸಿದರೆ ಗಾಡಿಯ ಮಿತಿ ಮೀರುತ್ತಿತ್ತು. ಆದ್ದರಿಂದ ಪ್ರಯಾಣಕ್ಕೆ ಮುನ್ನ ಹೊರಸಾಲಿನ ಚಕ್ರಗಳನ್ನು ಬಿಚ್ಚಿ, 520 ಮಿ.ಮೀ. ಅಗಲದ ಬೇರೆ ಪಟ್ಟಿ ತೊಡಿಸುವುದು ಸೇನೆಯ ಪದ್ಧತಿಯಾಗಿತ್ತು. ಕಿಟ್ ಪೆಟ್ಟಿಗೆಯಿಂದ ತೆಗೆದ ಟೈಗರನ್ನು ಅಗಲ ಪಟ್ಟಿಯೊಂದಿಗೇ ವ್ಯಾಗನ್ ಮೇಲಿಡುವವರು ಈ ಸಂಗತಿಯನ್ನು ಮರೆತಿರುತ್ತಾರೆ.

ನಮ್ಮ ಹಳಿ, ನಮ್ಮ ಲೆಕ್ಕ

ಟ್ಯಾಂಕ್‌ಗಳನ್ನು ರೈಲಿನಲ್ಲಿ ಸಾಗಿಸುವ ಅಗತ್ಯ ನಮ್ಮ ಸೇನೆಗೂ ಇದೆ. ಬೆಂಗಳೂರಿನ ಬಿಇಎಂಎಲ್ ಸಂಸ್ಥೆ ಸೇನೆಗಾಗಿ ರೈಲು ವ್ಯಾಗನ್‌ಗಳನ್ನು ತಯಾರಿಸಿದೆ. ಆದರೆ ಭಾರತದ ಗಾಡಿಗಳ ಮಾದರಿ ಮಾಡುವವರಿಗೆ ಬ್ರಿಟನ್ನಿನವರಿಗಿಂತ ದೊಡ್ಡ ತೊಡಕಿದೆ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. 87ರಿಂದ ಭಾಗಿಸಿದರೆ 19.26. ಸಿಗುವ ಹಳಿ ಮಾತ್ರ 16.5. ಮೀಟರ್‌ಗೇಜಿನವರು ಅದೃಷ್ಟವಂತರು: ಬೇಕಾದದ್ದು 11.5 ಮಿ.ಮೀ., ವಿದೇಶಿ ಮಾರುಕಟ್ಟೆಯಲ್ಲಿ ಸಿಗುವ ಹಳಿ 12 ಮಿ.ಮೀ.

ದುಬಾರಿ ಹಳಿ, ಎಂಜಿನ್ನು ಇಲ್ಲದೆಯೂ ಈ ವಿದ್ಯೆಯನ್ನು ಆರಂಭಿಸಬಹುದು. ಬೇಕಾದದ್ದು ಡ್ರಾಯಿಂಗ್ ಹಾಳೆ, ಅಳತೆಪಟ್ಟಿ, ಅಂಟು ಮತ್ತು ತಾಳ್ಮೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದರೆ, ನಿಂತಿರುವ ಗಾಡಿಗಳನ್ನು ಸಾವಧಾನವಾಗಿ ನೋಡಿ ಟಿಪ್ಪಣಿ ಮಾಡಿಕೊಳ್ಳಬಹುದು. ಅಳತೆಯ ಆಸೆಯಿಂದ ಓಡಾಡುವ ಹಳಿಯ ಬಳಿಗೆ, ಗೂಡ್ಸ್ ಯಾರ್ಡಿನೊಳಕ್ಕೆ ಹೋಗುವುದು ಮಾತ್ರ ಬೇಡವೇ ಬೇಡ.

‘ಇಷ್ಟೆಲ್ಲ ಮಾಡಿ ಅಂಕ ಬರುತ್ತದೆಯೆ?’ ಎಂದು ಕೇಳುವ ತಂದೆತಾಯಂದಿರಿದ್ದಾರೆ. ಅಂಕಪಟ್ಟಿಯಲ್ಲಿ ಇದಕ್ಕೆ ಸ್ಥಾನವಿಲ್ಲ, ನಿಜ. ಆದರೆ ಮಾದರಿ ಮಾಡುವ ಹುಡುಗ ಅಥವಾ ಹುಡುಗಿಯ ಬಳಿ ಒಂದು ಪುಸ್ತಕವಿರಲಿ. ಅದರ ಒಂದು ಪುಟದಲ್ಲಿ ಅಳೆದದ್ದು, ಎದುರಿನ ಪುಟದಲ್ಲಿ ಅಂದಾಜು ಮಾಡಿದ್ದು, ಕೆಳಗೆ ಬೇಕೆಂದೇ ಬದಲಿಸಿದ್ದು ಮತ್ತು ಅದರ ಕಾರಣ. ಈ ಮೂರನ್ನೂ ಬೆರೆಸದೆ ಬರೆದಿಡುವ ಅಭ್ಯಾಸ ಹದಿನಾಲ್ಕನೇ ವಯಸ್ಸಿನಲ್ಲಿ ಬಂದರೆ, ಮುಂದೆ ಪ್ರಯೋಗಶಾಲೆಯಲ್ಲಾಗಲಿ, ಕಾರ್ಖಾನೆಯಲ್ಲಾಗಲಿ, ಅಂಗಡಿಯ ಲೆಕ್ಕದಲ್ಲಾಗಲಿ ಅಂಥವರ ಮಾತನ್ನು ಜನ ನಂಬುತ್ತಾರೆ.