ಮನೆಯೇ ಕಥೆಯಾದ ನಾಲ್ಕು ಸಿನಿಮಾಗಳು

ಇಷ್ಟದ ಸಿನಿಮಾ ಯಾವುದು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ‘ಬಂಗಾರದ ಮನುಷ್ಯ’ದಿಂದ ಶುರು ಮಾಡುತ್ತಾರೆ. ನನ್ನದೇನೂ ತಕರಾರಿಲ್ಲ. ಆದರೆ ಇಷ್ಟವಾಗುವ ಸಿನಿಮಾ ಬೇರೆ, ಬೆನ್ನು ಬಿಡದ ಸಿನಿಮಾ ಬೇರೆ. ಮೊದಲನೆಯದನ್ನು ಟೀವಿಯಲ್ಲಿ ಬಂದಾಗೆಲ್ಲ ಖುಷಿಯಿಂದ ನೋಡುತ್ತೇವೆ. ಎರಡನೆಯದು ಪಾತ್ರೆ ತೊಳೆಯುವಾಗಲೋ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗಲೋ ತಾನಾಗಿ ಎದುರು ಬಂದು ನಿಲ್ಲುತ್ತದೆ. ಈ ಸಲ ಅಂಥ ನಾಲ್ಕು ಚಿತ್ರಗಳ ಬಗ್ಗೆ ಬರೆಯೋಣವೆಂದು ಪಟ್ಟಿ ಮಾಡಿದೆ. ಮೂರು ಮಲಯಾಳಂ, ಒಂದು ಕನ್ನಡ. ಪಟ್ಟಿ ಮುಗಿದ ಮೇಲೆ ನೋಡಿದರೆ ನಾಲ್ಕರಲ್ಲೂ ಮುಖ್ಯ ಪಾತ್ರ ಒಂದು ಮನೆ! ಹನ್ನೊಂದು ತಿಂಗಳ ಕರಾರಿಗೆ ಸಹಿ ಹಾಕುತ್ತ, ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಪಾತ್ರೆಪಗಡಿ ಸಾಗಿಸುವ ನಮ್ಮಂಥವರ ಪಟ್ಟಿ ಹೀಗಾಗಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಕೆಲಸಕ್ಕೆಂದು ತಿರುವನಂತಪುರಕ್ಕೆ ಬಂದ ಹೊಸದರಲ್ಲಿ ನನಗೆ ಸಿನಿಮಾ ಹುಚ್ಚು ಹಿಡಿಸಿದ್ದು ಡಿಸೆಂಬರಿನ ಚಿತ್ರೋತ್ಸವ. ತಂಬಾನೂರಿನ ಕೈರಳಿ, ಶ್ರೀ, ನಿಳಾ ಚಿತ್ರಮಂದಿರಗಳ ಮುಂದೆ ಬಿಸಿಲಲ್ಲಿ ಉದ್ದಕ್ಕೆ ಸಾಲು. ಕೊರಳಲ್ಲಿ ಪಾಸು, ಹೆಗಲಿಗೆ ಬಟ್ಟೆ ಚೀಲ. ಆಟೋ ಓಡಿಸುವವರು, ಕಾಲೇಜು ಹುಡುಗಿಯರು, ನಿವೃತ್ತ ಮೇಷ್ಟ್ರುಗಳು ಎಲ್ಲರೂ ಆ ಸಾಲಿನಲ್ಲೇ ನಿಂತು ಇರಾನಿನ ನಿರ್ದೇಶಕರ ಬಗ್ಗೆ ಜಗಳಾಡುತ್ತಾರೆ. ಈ ಊರಿಗೆ ಇದು ನಿನ್ನೆ ಮೊನ್ನೆಯ ಅಭ್ಯಾಸವಲ್ಲ. ಅಡೂರ್ ಗೋಪಾಲಕೃಷ್ಣನ್ ಮತ್ತು ಗೆಳೆಯರು ಚಿತ್ರಲೇಖಾ ಫಿಲಂ ಸೊಸೈಟಿ ಕಟ್ಟಿದ್ದು 1965ರಲ್ಲಿ. ಚಿತ್ರೋತ್ಸವದ ದೊಡ್ಡ ಪ್ರಶಸ್ತಿಯ ಹೆಸರು ಸುವರ್ಣ ಚಕೋರಂ. ಬೆಳದಿಂಗಳು ಕುಡಿಯುವ ನಮ್ಮ ಕಾವ್ಯದ ಚಕೋರ ಎಂದುಕೊಂಡಿದ್ದೆ. ವಿಚಾರಿಸಿದರೆ, ಅದು ನಮ್ಮ ಹಿತ್ತಲಲ್ಲಿ ಓಡಾಡುವ ಕೆಂಬೂತ! ನವಿಲನ್ನು ನೋಡಿ ಪುಕ್ಕ ಕೆದರಿತೆಂದು ನಾವು ಗಾದೆ ಕಟ್ಟಿ ನಗುವ ಹಕ್ಕಿಗೆ ಇಲ್ಲಿ ಬಂಗಾರದ ಮರ್ಯಾದೆ.

ಆ ದಿನಗಳಲ್ಲೇ ನೋಡಿದ್ದು ಅಡೂರರ ‘ಎಲಿಪ್ಪತ್ತಾಯಂ’. 1981ರಲ್ಲಿ ತಯಾರಾಗಿ, ಮರುವರ್ಷ ಬ್ರಿಟಿಷ್ ಫಿಲಂ ಇನ್‌ಸ್ಟಿಟ್ಯೂಟಿನ ಸದರ್‌ಲ್ಯಾಂಡ್ ಟ್ರೋಫಿ ಪಡೆದ ಚಿತ್ರ. ಹೆಸರಿಗೆ ನಿಘಂಟು ಬೇಡ. ಎಲಿ ಎಂದರೆ ಇಲಿ. ಪತ್ತಾಯ ನಮ್ಮ ಕರಾವಳಿಯವರಿಗೂ ಗೊತ್ತು, ಭತ್ತ ತುಂಬಿಡುವ ಮರದ ಪೆಟ್ಟಿಗೆ. ಎರಡೂ ಸೇರಿದರೆ ಇಲಿಬೋನು. ಹಳೆಯ ತರವಾಡು ಮನೆಯೊಂದರಲ್ಲಿ ಉಣ್ಣಿ ಎಂಬ ಅಣ್ಣ, ಮದುವೆಯಾಗದ ಇಬ್ಬರು ತಂಗಿಯರು. ಬೇರೆ ಮನೆಗೆ ಹೋದ ಅಕ್ಕ ಪಾಲು ಕೇಳಿಕೊಂಡು ಬರುತ್ತಾಳೆ. ಉಣ್ಣಿಗೆ ಏನು ಮಾಡುವುದಕ್ಕೂ ಆಗುವುದಿಲ್ಲ. ಅಂಗಳಕ್ಕೆ ಹಸು ನುಗ್ಗಿದರೆ ಎದ್ದು ಓಡಿಸುವುದಿಲ್ಲ, ಒಳಗಿರುವ ತಂಗಿ ರಾಜಮ್ಮನನ್ನು ಕೂಗುತ್ತಾನೆ. ದಾರಿಯಲ್ಲಿ ನೀರು ನಿಂತಿದ್ದರೆ ದಾಟಲಾರದೆ ವಾಪಸು ಬರುತ್ತಾನೆ. ಮೀಸೆ ಒಪ್ಪ ಮಾಡಿಕೊಳ್ಳುವುದರಲ್ಲಿ ಮಾತ್ರ ಬಹಳ ಶ್ರದ್ಧೆ.

ಉಣ್ಣಿಯಾಗಿ ನಟಿಸಿದವರು ಕರಮನ ಜನಾರ್ದನನ್ ನಾಯರ್. ನಾನು ದಿನಾ ಬಸ್ಸಿನಲ್ಲಿ ದಾಟುತ್ತಿದ್ದ ಕರಮನವೇ ಅವರ ಹೆಸರಿನಲ್ಲಿದೆ. ರಾಜಮ್ಮನಾಗಿ ಶಾರದಾ. ಅಡೂರರ ಮೊದಲ ವರ್ಣಚಿತ್ರವಿದು. ಮೂವರು ಸೋದರಿಯರಿಗೂ ಒಂದೊಂದು ಬಣ್ಣ ಕೊಟ್ಟಿದ್ದಾರೆ. ಅಕ್ಕನಿಗೆ ಹಸಿರು, ಕಿರಿಯವಳಿಗೆ ಕೆಂಪು, ರಾಜಮ್ಮನಿಗೆ ನೀಲಿ. ಆ ನೀಲಿ ರವಿಕೆಯ ಹೆಂಗಸು ಇಡೀ ಚಿತ್ರದಲ್ಲಿ ಒಂದು ಗಳಿಗೆ ಸುಮ್ಮನೆ ಕೂತದ್ದು ನನಗೆ ನೆನಪಿಲ್ಲ. ಅವಳು ಹಾಸಿಗೆ ಹಿಡಿದ ಮೇಲೇ ಆ ಮನೆಯನ್ನು ಹೊತ್ತು ನಿಂತ ಕಂಬ ಯಾವುದೆಂದು ನೋಡುವವರಿಗೆ ತಿಳಿಯುತ್ತದೆ. ಉಣ್ಣಿಗೆ ಆಗಲೂ ತಿಳಿಯುವುದಿಲ್ಲ.

ನಲವತ್ತು ವರ್ಷ ಕಳೆದು 2021ರಲ್ಲಿ ಜಿಯೋ ಬೇಬಿಯವರ ‘ದ ಗ್ರೇಟ್ ಇಂಡಿಯನ್ ಕಿಚನ್’ ಬಂತು. ಕೊರೊನಾ ಕಾಲ, ಎಲ್ಲರೂ ಮನೆಯಲ್ಲೇ ಇದ್ದು ಮೂರು ಹೊತ್ತೂ ಉಣ್ಣುತ್ತಿದ್ದ ಕಾಲ. ಕಥೆ ಇಷ್ಟೇ: ಹೊಸ ಸೊಸೆ ಅಡುಗೆ ಮಾಡುತ್ತಾಳೆ, ಬಡಿಸುತ್ತಾಳೆ, ಎಂಜಲು ಬಳಿಯುತ್ತಾಳೆ, ಮತ್ತೆ ಅಡುಗೆ ಮಾಡುತ್ತಾಳೆ. ಸಿಂಕಿನ ಕೆಳಗಿನ ಪೈಪು ಸೋರುತ್ತಿದೆ. ಪ್ಲಂಬರನ್ನು ಕರೆಸಿ ಎಂದು ಗಂಡನಿಗೆ ಹೇಳುತ್ತಾಳೆ. ಅವನು ಮರೆಯುತ್ತಾನೆ. ಮತ್ತೆ ಹೇಳುತ್ತಾಳೆ, ಮತ್ತೆ ಮರೆಯುತ್ತಾನೆ. ಮಾವ ಒಳ್ಳೆಯ ಮನುಷ್ಯನೇ. ಅನ್ನ ಮಾತ್ರ ಕಟ್ಟಿಗೆ ಒಲೆಯಲ್ಲೇ ಬೇಯಬೇಕು, ಬಟ್ಟೆ ಕೈಯಲ್ಲೇ ಒಗೆಯಬೇಕು. ಅದನ್ನೂ ಎಷ್ಟು ಮೆಲ್ಲಗೆ ಹೇಳುತ್ತಾರೆ! ಆ ಮನೆಯಲ್ಲಿ ಯಾರೂ ಹೊಡೆಯುವುದಿಲ್ಲ. ಹಾಗಿದ್ದೂ ನೋಡುವವರಿಗೆ ಉಸಿರು ಕಟ್ಟುತ್ತದೆ. ಈ ಚಿತ್ರ ನೋಡಿದ ಮೇಲೆ ನಮ್ಮ ಅಪಾರ್ಟ್‌ಮೆಂಟಿನ ಹೆಂಗಸರ ನಡುವೆ “ನಿಮ್ಮ ಪೈಪು ಸೋರುತ್ತಾ?” ಅನ್ನುವುದು ಕುಶಲ ವಿಚಾರಿಸುವ ಮಾತೇ ಆಗಿಹೋಗಿತ್ತು.

ಮೂರನೆಯದು ನಮ್ಮದು. ನಾ. ಡಿಸೋಜಾ ಅವರ ಕಾದಂಬರಿ ಆಧರಿಸಿ ಗಿರೀಶ್ ಕಾಸರವಳ್ಳಿ ಮಾಡಿದ ‘ದ್ವೀಪ’, 2001ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆದದ್ದು. ನಿರ್ಮಾಪಕಿಯೂ ನಾಯಕಿಯೂ ಸೌಂದರ್ಯ. ಅಣೆಕಟ್ಟಿನ ನೀರು ಏರುತ್ತಿದೆ. ಊರಿನವರು ಒಬ್ಬೊಬ್ಬರಾಗಿ ಜಾಗ ಬಿಟ್ಟು ಹೊರಟರೂ ಗಣಪನ ಮನೆಯವರು ಗುಡ್ಡದ ಮೇಲೆ ಉಳಿಯುತ್ತಾರೆ. ಮಳೆಯೋ ಮಳೆ. ಆ ಮಳೆಗಾಲವನ್ನು ಹಲ್ಲುಕಚ್ಚಿ ದಾಟಿಸುವವಳು ಹೆಂಡತಿ ನಾಗಿ. ಕೊನೆಗೆ ಮಳೆ ನಿಂತಾಗ ಗಣಪ ಕೈ ಮುಗಿಯುವುದು ದೇವರಿಗೆ.

ಈ ಚಿತ್ರವನ್ನು ಕಳೆದ ಮಳೆಗಾಲದಲ್ಲಿ ಕೊಚ್ಚಿಯ ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮನ ಜೊತೆ ಕೂತು ನೋಡಿದೆ. ಅಮ್ಮನ ತವರು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. 1964ರಲ್ಲಿ ಶರಾವತಿಗೆ ಆ ಅಣೆಕಟ್ಟು ಎದ್ದಾಗ ಅವಳಿಗೆ ಹನ್ನೆರಡು ವರ್ಷ. ಮುಳುಗಿದ ಮನೆಯ ಬಗ್ಗೆ ಅವಳು ಮಾತಾಡುವುದು ಕಡಿಮೆ. ಸಿನಿಮಾ ನೋಡುವಾಗಲೂ ಮಾತಿಲ್ಲ. ಕಣ್ಣೊರೆಸಿಕೊಳ್ಳುತ್ತಾಳೇನೋ ಎಂದು ನಾನು ಓರೆಗಣ್ಣಲ್ಲಿ ನೋಡುತ್ತಲೇ ಇದ್ದೆ. ಅದೂ ಇಲ್ಲ. ಮುಗಿದ ಮೇಲೆ ಕನ್ನಡಕ ತೆಗೆದು ಒರೆಸುತ್ತ ಕೇಳಿದ್ದು ಒಂದೇ ಪ್ರಶ್ನೆ:

“ಅಲ್ಲ ಕಣೇ, ಅಷ್ಟೆಲ್ಲ ಮಾಡಿ ಉಳಿಸಿದಳಲ್ಲ, ಆಮೇಲೆ ಆ ಮನೆ ಯಾರ ಹೆಸರಿಗಾಯ್ತು?”

ಸಿನಿಮಾ ಬಗ್ಗೆ ಎಷ್ಟೋ ವಿಮರ್ಶೆ ಓದಿದ್ದೇನೆ. ಇಷ್ಟು ನೇರವಾದ ಪ್ರಶ್ನೆಯನ್ನು ಎಲ್ಲೂ ಕಂಡಿರಲಿಲ್ಲ. ರಾಜಮ್ಮ, ಹೆಸರೇ ಇಲ್ಲದ ಆ ಅಡುಗೆಮನೆಯ ಸೊಸೆ, ನಾಗಿ ಮೂವರನ್ನೂ ಸಾಲಾಗಿ ನಿಲ್ಲಿಸಿ ಇದನ್ನೇ ಕೇಳಬಹುದು. ಬೆಳಗಿನಿಂದ ರಾತ್ರಿವರೆಗೆ ಮನೆಯನ್ನು ಮನೆಯಾಗಿ ಇಟ್ಟವರು ಅವರು. ಪಟ್ಟೆ, ಪಹಣಿಯಲ್ಲಿ ಇರುವುದು ಮತ್ತೊಬ್ಬರ ಹೆಸರು.

ಪ್ರಶ್ನೆ ನಮ್ಮ ಮನೆಗೂ ಬಂದು ತಟ್ಟಿತು. ಅಪ್ಪ ತೀರಿಕೊಂಡ ಮೇಲೆ ಊರಿನ ಮನೆಗೆ ಬೀಗ. ಮನೆಯೂ ಹಿಂದಿನ ತುಂಡು ತೋಟವೂ ಇನ್ನೂ ಅಪ್ಪನ ಹೆಸರಲ್ಲೇ ಇವೆ. ಹೋಂಸ್ಟೇ ಮಾಡುವವರೊಬ್ಬರು ಒಳ್ಳೆಯ ಬೆಲೆ ಹೇಳಿದ್ದಾರೆ. ಪೌತಿ ಖಾತೆ ಮಾಡಿಸಿ ಮಾರಿಬಿಡೋಣ ಎಂಬುದು ಬೆಂಗಳೂರಿನಲ್ಲಿರುವ ಅಣ್ಣನ ಲೆಕ್ಕ. ಅವನ ಮಾತಿನಲ್ಲೂ ಹುರುಳಿದೆ. ಮಳೆಗೆ ಹೆಂಚು ಜಾರುತ್ತಿದೆ, ಗೆದ್ದಲು ಹತ್ತಿದೆ, ನೋಡಿಕೊಳ್ಳುವವರಿಲ್ಲ. ನಾನು ಫೋನಿನಲ್ಲಿ ಹೇಳಿದೆ: ಮೊದಲು ಎಲ್ಲ ಅಮ್ಮನ ಹೆಸರಿಗೆ ಆಗಲಿ. ಮಾರುವುದೋ ಬಿಡುವುದೋ ಆಮೇಲೆ ಅವಳೇ ಹೇಳಲಿ. ಈ ವಯಸ್ಸಿನಲ್ಲಿ ಅವಳು ಆಫೀಸು ಸುತ್ತುವುದು ಹೇಗೆ ಎಂದ ಅಣ್ಣ. ಪಕ್ಕದಲ್ಲೇ ಹುರುಳಿಕಾಯಿ ಸೋಸುತ್ತಿದ್ದ ಅಮ್ಮನಿಗೆ ಅದು ಕೇಳಿಸಿತು. “ಐವತ್ತು ವರ್ಷ ಲಾಂಚ್ ಹತ್ತಿ ಇಳಿದಿದೀನಿ. ತಾಲ್ಲೂಕು ಆಫೀಸಿನ ಮೆಟ್ಟಿಲು ಹತ್ತೋಕಾಗಲ್ವಾ?” ಎಂದಳು, ತಲೆ ಎತ್ತದೆ.

ನಾಲ್ಕನೆಯ ಚಿತ್ರವನ್ನು ಕೊನೆಗೆ ಉಳಿಸಿಕೊಂಡಿದ್ದಕ್ಕೆ ಕಾರಣವಿದೆ. ಮಧು ಸಿ. ನಾರಾಯಣನ್ ನಿರ್ದೇಶಿಸಿ, ಶ್ಯಾಂ ಪುಷ್ಕರನ್ ಬರೆದ 2019ರ ‘ಕುಂಬಳಂಗಿ ನೈಟ್ಸ್’. ಕೊಚ್ಚಿಯವರಿಗೆ ಕುಂಬಳಂಗಿ ದೂರವಲ್ಲ. ತೋಪ್ಪುಂಪಡಿ ದಾಟಿ ಸ್ವಲ್ಪ ಮುಂದೆ ಹೋದರೆ ಹಿನ್ನೀರು, ಚೀನಾ ಬಲೆಗಳು. ಅಲ್ಲಿ ನಾಲ್ವರು ಅಣ್ಣತಮ್ಮಂದಿರ ಒಂದು ಮನೆ. ಬಾಗಿಲಿಲ್ಲ, ಗಿಲಾವು ಇಲ್ಲ, ಹೆಂಗಸರೂ ಇಲ್ಲ. ಊರವರು ಬೇಡದ ನಾಯಿ, ಬೆಕ್ಕುಗಳನ್ನು ತಂದು ಬಿಡುವ ಜಾಗ. ಸ್ವಲ್ಪ ದೂರದಲ್ಲಿ ಇನ್ನೊಂದು ಮನೆ, ಎಲ್ಲ ಒಪ್ಪ ಓರಣ. ಅಲ್ಲಿಗೆ ಅಳಿಯನಾಗಿ ಬಂದವನು ಶಮ್ಮಿ, ಫಹಾದ್ ಫಾಸಿಲ್ ಮಾಡಿದ ಪಾತ್ರ. ಕನ್ನಡಿ ಮುಂದೆ ಮೀಸೆ ನೋಡಿಕೊಂಡು ಹಿಗ್ಗುತ್ತಾನೆ. ಹೆಂಡತಿ ಕನ್ನಡಿಗೆ ಅಂಟಿಸಿಟ್ಟ ಬಿಂದಿಯನ್ನು ಬ್ಲೇಡಿನಿಂದ ಕೆರೆದು ತೆಗೆಯುತ್ತಾನೆ. ಆ ಮೀಸೆ ನೋಡಿದಾಗ ನನಗೆ ಉಣ್ಣಿಯೇ ನೆನಪಾದ. ಒಬ್ಬ ಹೆದರುವವನು, ಒಬ್ಬ ಹೆದರಿಸುವವನು. ಮನೆ ತನ್ನದೆಂಬ ಹಮ್ಮು ಇಬ್ಬರಿಗೂ ಒಂದೇ.

ಬಾಗಿಲಿಲ್ಲದ ಮನೆಯಲ್ಲಿ ಏನಾಗುತ್ತದೆ ನೋಡಿ. ಹಿರಿಯವನು ಸಜಿ ದುಃಖ ತಡೆಯಲಾಗದೆ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಎಲ್ಲರಿಗಿಂತ ಚಿಕ್ಕ ತಮ್ಮನನ್ನು ಕೇಳುತ್ತಾನೆ. ತನ್ನ ಜೀವ ಉಳಿಸಲು ಹೋಗಿ ಸತ್ತ ತಮಿಳು ಗೆಳೆಯನ ಹೆಂಡತಿಯನ್ನು, ಹಸುಗೂಸಿನ ಸಮೇತ ಆ ಮುರುಕು ಮನೆಗೆ ಕರೆತರುತ್ತಾನೆ. ಅವಳ ಜಾತಿ, ಭಾಷೆ ಯಾರೂ ಕೇಳುವುದಿಲ್ಲ. ಎಲ್ಲಿಂದಲೋ ಬಂದವರು ಒಬ್ಬೊಬ್ಬರಾಗಿ ಸೇರಿ, ಬಾಗಿಲಿಲ್ಲದ ಆ ಗೂಡು ನಮ್ಮ ಕಣ್ಣೆದುರೇ ಮನೆಯಾಗುತ್ತದೆ. ಹೊರ ಊರಿಗೆ ಬಂದು ನೆಲೆ ನಿಂತ ಯಾರಿಗಾದರೂ ಆ ದೃಶ್ಯಗಳು ಗಂಟಲುಬ್ಬಿಸುತ್ತವೆ. ಇಲ್ಲಿಗೆ ಬಂದ ಮೊದಲ ವಾರ ನಮಗೆ ಗ್ಯಾಸ್ ಸಿಲಿಂಡರು ಕೊಟ್ಟು, ಸಂಜೆ ಮೀನು ಬಿಟ್ಟು ಬರೀ ತರಕಾರಿ ಪಲ್ಯ ಕಳಿಸುತ್ತಿದ್ದ ಪಕ್ಕದ ಮನೆಯ ಚೇಚಿಯನ್ನು ನಾನು ಮರೆಯುವುದುಂಟೇ?

ಮಲಯಾಳಂನಲ್ಲಿ ಸಾಮಾನ್ಯರ ಮನೆ ‘ವೀಡು’. ‘ಮನ’ ಎಂದರೆ ನಂಬೂದಿರಿಗಳ ದೊಡ್ಡ ಮನೆ ಮಾತ್ರ. ನಮ್ಮ ಕನ್ನಡದಲ್ಲಿ ಗುಡಿಸಲೂ ಮನೆ, ಅರಮನೆಯೂ ಮನೆ. ನನಗೆ ಈ ಧಾರಾಳ ಇಷ್ಟ.

ನಾಲ್ಕನ್ನೂ ಬಿಡುವಿದ್ದಾಗ ನೋಡಿ. ಸಾಧ್ಯವಾದರೆ ಮನೆಯ ಹಿರಿಯ ಹೆಂಗಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಮುಗಿದ ಮೇಲೆ ಅವರು ಏನನ್ನುತ್ತಾರೆ ಕೇಳಿ. ನಮ್ಮಲ್ಲಿ ಪೌತಿ ಖಾತೆಯ ಅರ್ಜಿ ಇನ್ನೂ ಆಗಬೇಕಿದೆ. ದೀಪಾವಳಿಗೆ ಅಣ್ಣನೂ ಊರಿಗೆ ಬರುತ್ತಾನೆ. ಬೀಗದ ಕೈ ಅಮ್ಮನ ಸೆರಗಿನ ತುದಿಯಲ್ಲೇ ಇದೆ.